ಒಂದು ಕ್ಲಿಕ್ಕಿನ ಬೆಲೆ: ಶೋಧಯಂತ್ರದ ಹರಾಜು ನಡೆದು ಬಂದ ದಾರಿ

ರೋಣ, ನರಗುಂದ, ಗಜೇಂದ್ರಗಡ ಭಾಗದ ರೈತರಿಗೆ ಟೆಂಡರ್ ಎಂಬ ಪದ ಹೊಸದಲ್ಲ. ಹೆಸರುಕಾಳು, ಕಡಲೆ, ಗೋವಿನಜೋಳ ಮಾರುಕಟ್ಟೆಗೆ ಬಂದಾಗ ಖರೀದಿದಾರರು ಒಬ್ಬರದು ಇನ್ನೊಬ್ಬರಿಗೆ ತಿಳಿಯದಂತೆ ಬೆಲೆ ಬರೆಯುತ್ತಾರೆ. ಹೆಚ್ಚು ಬರೆದವರಿಗೆ ಮಾಲು ಹೋಗುತ್ತದೆ. ಬರೆದಷ್ಟನ್ನೂ ಅವರು ಕೊಡಬೇಕು. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯಿಂದಾಗಿ ಚೀಟಿಯ ಜಾಗಕ್ಕೆ ಗಣಕಯಂತ್ರ ಬಂದಿತು. 2019ರಲ್ಲಿ ರಾಜ್ಯದ ಒಂದು ದೊಡ್ಡ ತೊಗರಿ ಮಾರುಕಟ್ಟೆಯಲ್ಲಿ ಇದಕ್ಕೊಂದು ಚಿಕ್ಕ ತಿದ್ದುಪಡಿ ಮಾಡಲಾಯಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ಖರೀದಿದಾರರಿಗೆ ಬೆಲೆ ಏರಿಸಲು ಇನ್ನೊಂದು ಅವಕಾಶ ಕೊಟ್ಟರು. ಅಧ್ಯಯನ ನಡೆಸಿದ ಸಂಶೋಧಕರ ಲೆಕ್ಕದಂತೆ ದರ ಸುಮಾರು ಶೇ. 4.7ರಷ್ಟು ಏರಿತು. ಮಾಲು ಅದೇ, ಕೊಳ್ಳುವವರೂ ಅವರೇ. ಬದಲಾದದ್ದು ಹರಾಜಿನ ನಿಯಮ.

ಇಂಥದೇ ಒಂದು ಹರಾಜು ನಮ್ಮ ಕಣ್ಣಿಗೆ ಬೀಳದಂತೆ ದಿನವೂ ಕೋಟಿಗಟ್ಟಲೆ ಬಾರಿ ನಡೆಯುತ್ತದೆ. ಶೋಧಯಂತ್ರದಲ್ಲಿ ನೀವು ‘ಕೈಮಗ್ಗದ ಸೀರೆ’ ಎಂದು ಬರೆದ ಕೂಡಲೇ, ಉತ್ತರಗಳ ಮೇಲ್ಭಾಗದಲ್ಲಿ ಯಾರ ಜಾಹೀರಾತು ಕಾಣಬೇಕೆಂಬುದು ಕ್ಷಣಾರ್ಧದಲ್ಲಿ ತೀರ್ಮಾನವಾಗುತ್ತದೆ. ಇಲ್ಲಿ ಮಾರಾಟವಾಗುವುದು ಪರದೆಯ ಮೇಲಿನ ಜಾಗ. ಆದರೆ ಜಾಹೀರಾತು ಕಂಡಿತೆಂದು ಹಣ ಕೊಡಬೇಕಾಗಿಲ್ಲ. ಯಾರಾದರೂ ಅದರ ಮೇಲೆ ಕ್ಲಿಕ್ ಮಾಡಿದರೆ ಮಾತ್ರ ಕೊಡಬೇಕು.

ಕ್ಲಿಕ್ಕಿಗೆ ಬೆಲೆ ಕಟ್ಟಿ ಹರಾಜು ಹಾಕುವ ಪದ್ಧತಿಯನ್ನು 1998ರಲ್ಲಿ ಬಳಕೆಗೆ ತಂದವರು ಅಮೆರಿಕದ ಬಿಲ್ ಗ್ರಾಸ್. ಅವರ ಗೋಟೂ ಡಾಟ್ ಕಾಮ್ ಎಂಬ ಜಾಲತಾಣದಲ್ಲಿ ನಿಯಮ ನಮ್ಮ ಟೆಂಡರಿನಂತೆಯೇ ಇತ್ತು: ಹೆಚ್ಚು ಕೂಗಿದವನಿಗೆ ಮೊದಲ ಸ್ಥಾನ, ಪ್ರತಿ ಕ್ಲಿಕ್ಕಿಗೆ ಕೂಗಿದಷ್ಟೇ ದರ. ಒಂದೇ ವ್ಯತ್ಯಾಸವೆಂದರೆ, ಯಾರು ಎಷ್ಟು ಕೂಗಿದ್ದಾರೆಂಬುದು ಎಲ್ಲರಿಗೂ ಕಾಣುತ್ತಿತ್ತು, ಯಾವಾಗ ಬೇಕಾದರೂ ದರ ಬದಲಿಸಬಹುದಾಗಿತ್ತು. ಈ ಕಂಪನಿ 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು, 2003ರಲ್ಲಿ ಯಾಹೂ ಅದನ್ನು ಕೊಂಡಿತು.

ತೊಂದರೆ ಇದ್ದದ್ದು ಆ ವ್ಯತ್ಯಾಸದಲ್ಲೇ. ಇಬ್ಬರು ವ್ಯಾಪಾರಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ 5 ರೂಪಾಯಿ ಕೂಗಿದರೆ ಇನ್ನೊಬ್ಬ ಅದರ ಮೇಲೆ ಒಂದು ಪೈಸೆ ಏರಿಸುತ್ತಾನೆ. ಮೊದಲಿನವನು ಮತ್ತೊಂದು ಪೈಸೆ. ಹೀಗೆ ಏರುತ್ತ ಹೋದಾಗ ಒಂದು ಹಂತದಲ್ಲಿ ಒಬ್ಬನಿಗೆ, ಇಷ್ಟು ಕೊಟ್ಟು ಮೊದಲ ಸ್ಥಾನ ಹಿಡಿಯುವುದಕ್ಕಿಂತ ಕಡಿಮೆ ಬೆಲೆಗೆ ಎರಡನೆಯ ಸ್ಥಾನವೇ ಲಾಭ ಎನ್ನಿಸುತ್ತದೆ. ಅವನು ಥಟ್ಟನೆ 1 ರೂಪಾಯಿಗೆ ಇಳಿಯುತ್ತಾನೆ. ಆಗ ಮೇಲಿನವನಿಗೆ 1 ರೂಪಾಯಿ 1 ಪೈಸೆ ಸಾಕು, ಅವನೂ ಇಳಿಯುತ್ತಾನೆ. ಕೂಡಲೇ ಏರುವ ಆಟ ಮತ್ತೆ ಶುರು! ಈ ಕೆಲಸಕ್ಕೆಂದೇ ತಂತ್ರಾಂಶಗಳೂ ಹುಟ್ಟಿಕೊಂಡವು. ಓವರ್ಚರ್‌ನ 2002-03ರ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಬೆಂಜಮಿನ್ ಎಡೆಲ್‌ಮನ್ ಮತ್ತು ಮೈಕೆಲ್ ಓಸ್ಟ್ರೋವ್ಸ್ಕಿ ಅವರಿಗೆ ದರದ ನಕ್ಷೆ ಗರಗಸದ ಹಲ್ಲಿನಂತೆ ಕಂಡಿತು. ಮೂರು ವಿದ್ಯಾರ್ಥಿಗಳ ಕೈಗೆ ಚೀಟಿ ಕೊಟ್ಟು ತರಗತಿಯಲ್ಲೇ ಇದನ್ನು ಮಾಡಿ ನೋಡಬಹುದು. ಹತ್ತು ನಿಮಿಷದಲ್ಲಿ ಗರಗಸ ಮೂಡುತ್ತದೆ.

ಇದಕ್ಕೆ ಪರಿಹಾರದ ಬೀಜ ಆಗಲೇ ಹಳೆಯದಾಗಿತ್ತು. 1961ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ ಮುಚ್ಚಿದ ಟೆಂಡರ್‌ಗಳನ್ನು ಕುರಿತ ಪ್ರಬಂಧದಲ್ಲಿ, ಒಂದು ವಸ್ತುವಿನ ಹರಾಜಿನಲ್ಲಿ ಗೆದ್ದವನು ತನ್ನ ಬೆಲೆಯ ಬದಲು ಎರಡನೆಯವನ ಬೆಲೆ ಕೊಡುವಂತಿದ್ದರೆ, ಪ್ರತಿಯೊಬ್ಬನಿಗೂ ತನ್ನ ನಿಜವಾದ ಬೆಲೆ ಬರೆಯುವುದೇ ಲಾಭಕರ ಎಂದು ತೋರಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

ಗೂಗಲ್ 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ಆರಂಭಿಸಿದಾಗ ಅಲ್ಲಿ ಹರಾಜು ಇರಲಿಲ್ಲ. ಸಾವಿರ ಬಾರಿ ತೋರಿಸಿದ್ದಕ್ಕೆ ಇಷ್ಟು ಎಂಬ ದರವಿತ್ತು. 2002ರ ಫೆಬ್ರವರಿಯಲ್ಲಿ ಅದು ಎರಡು ಹೊಸ ನಿಯಮಗಳನ್ನು ತಂದಿತು. ಒಂದು, ತನ್ನ ಸ್ಥಾನ ಉಳಿಸಿಕೊಳ್ಳಲು ಬೇಕಾದಷ್ಟನ್ನು ಮಾತ್ರ ಜಾಹೀರಾತುದಾರ ಕೊಡಬೇಕು. ಎರಡು, ಸ್ಥಾನ ನಿರ್ಧರಿಸುವಾಗ ಕೂಗಿದ ದರದ ಜೊತೆಗೆ ಜಾಹೀರಾತನ್ನು ಜನ ಎಷ್ಟು ಸಲ ಕ್ಲಿಕ್ ಮಾಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ರೂಪಿಸುವಲ್ಲಿ ಮುಖ್ಯ ಪಾತ್ರ ವಹಿಸಿದ ಎಂಜಿನಿಯರ್ ಎರಿಕ್ ವೀಚ್, ಹಿಂದೆ ಗಣಕಚಿತ್ರಗಳಲ್ಲಿ ಬೆಳಕಿನ ಹರಿವನ್ನು ಲೆಕ್ಕ ಹಾಕುವ ವಿಧಾನಗಳ ಮೇಲೆ ಕೆಲಸ ಮಾಡಿದ್ದವರು. ಆ ಸಂಶೋಧನೆಗೆ 2014ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಎರಡನೆಯ ನಿಯಮದ ಮಹತ್ವ ಲೆಕ್ಕ ಮಾಡಿದರೆ ತಿಳಿಯುತ್ತದೆ. ಗಜೇಂದ್ರಗಡದ ನೇಕಾರರೊಬ್ಬರು ‘ಪಟ್ಟೇದ ಅಂಚು ಸೀರೆ’ ಎಂಬ ಪದಗಳಿಗೆ ಕ್ಲಿಕ್ಕಿಗೆ 10 ರೂಪಾಯಿ ಕೂಗಿದ್ದಾರೆ ಎಂದು ಊಹಿಸೋಣ. ಅವರ ಜಾಹೀರಾತು ನೋಡಿದ 100 ಜನರಲ್ಲಿ 8 ಜನ ಕ್ಲಿಕ್ ಮಾಡುತ್ತಾರೆ. ದೊಡ್ಡ ನಗರದ ಬಟ್ಟೆ ಮಳಿಗೆಯೊಂದು 20 ರೂಪಾಯಿ ಕೂಗಿದೆ, ಆದರೆ ಅದರ ಜಾಹೀರಾತಿನಲ್ಲಿ ಎಲ್ಲ ಬಗೆಯ ಬಟ್ಟೆಗಳೂ ಇರುವುದರಿಂದ 3 ಜನ ಮಾತ್ರ ಕ್ಲಿಕ್ ಮಾಡುತ್ತಾರೆ. ಮೂರನೆಯ ವ್ಯಾಪಾರಿಯ ದರ 12 ರೂಪಾಯಿ, ಕ್ಲಿಕ್ 4. ನೂರು ಬಾರಿ ತೋರಿಸಿದಾಗ ಸಿಗಬಹುದಾದ ಹಣ ಕ್ರಮವಾಗಿ 80, 60 ಮತ್ತು 48 ರೂಪಾಯಿ. ಆದ್ದರಿಂದ ನೇಕಾರರಿಗೆ ಮೊದಲ ಸ್ಥಾನ. ಅವರು ಕೊಡಬೇಕಾದದ್ದು ಎರಡನೆಯ ಅಂಕವಾದ 60ನ್ನು ತಮ್ಮ 8ರಿಂದ ಭಾಗಿಸಿದರೆ ಬರುವ 7 ರೂಪಾಯಿ 50 ಪೈಸೆ. ಎರಡನೆಯ ಸ್ಥಾನದ ದೊಡ್ಡ ಮಳಿಗೆ ಕೊಡುವುದು 48 ಭಾಗಿಸು 3, ಅಂದರೆ 16 ರೂಪಾಯಿ! ಕೆಳಗೆ ಕುಳಿತವನು ಮೇಲಿನವರ ಎರಡರಷ್ಟಕ್ಕಿಂತ ಹೆಚ್ಚು ತೆರುತ್ತಾನೆ.

ನೇಕಾರರ ಕ್ಲಿಕ್ ಪ್ರಮಾಣ 8ರಿಂದ 4ಕ್ಕೆ ಇಳಿಯಿತು ಎನ್ನಿ. ಅಂಕ 40 ಆಗಿ ಅವರು ಮೂರನೆಯ ಸ್ಥಾನಕ್ಕೆ ಜಾರುತ್ತಾರೆ, ಮತ್ತೆ ಮೊದಲಾಗಲು 15 ರೂಪಾಯಿಗಿಂತ ಹೆಚ್ಚು ಕೂಗಬೇಕಾಗುತ್ತದೆ. ಆದ್ದರಿಂದ ಖರ್ಚು ಇಳಿಸಬೇಕೆನ್ನುವವರು ದರಕ್ಕಿಂತ ಮೊದಲು ನೋಡಬೇಕಾದದ್ದು ಭಾಜಕವನ್ನು. ಬರೀ ‘ಸೀರೆ’ ಎಂಬ ಪದದ ಬದಲು ಕೊಳ್ಳುವವರು ನಿಜವಾಗಿ ಬರೆಯುವ ಪದಗಳನ್ನು ಆರಿಸುವುದು, ‘ಸೀರೆ ಉಡುವ ವಿಧಾನ’ ಹುಡುಕುವವರಿಗೆ ಜಾಹೀರಾತು ಕಾಣದಂತೆ ಆ ಪದಗಳನ್ನು ಹೊರಗಿಡುವುದು, ಕ್ಲಿಕ್ ಮಾಡಿದವರು ನೇರವಾಗಿ ಅದೇ ಸೀರೆಯ ಪುಟಕ್ಕೆ ಬರುವಂತೆ ಮಾಡುವುದು ಇವೆಲ್ಲ ಅದಕ್ಕಾಗಿಯೇ. 2005ರಿಂದ ಗೂಗಲ್ ಇದನ್ನು ‘ಗುಣಮಟ್ಟದ ಅಂಕ’ ಎಂದು ಕರೆಯಿತು. ಜಾಹೀರಾತು ಹುಡುಕಾಟಕ್ಕೆ ಹೊಂದುತ್ತದೆಯೇ, ತೆರೆಯುವ ಪುಟ ಹೇಗಿದೆ ಎಂಬುವೂ ಅದರೊಳಗೆ ಸೇರಿದವು. ಇಂದು ಜಾಹೀರಾತುದಾರರಿಗೆ ಕಾಣುವ 1ರಿಂದ 10ರ ಅಂಕ ಕೇವಲ ಸೂಚಕ. ಹರಾಜಿನಲ್ಲಿ ಪ್ರತಿ ಹುಡುಕಾಟಕ್ಕೂ ಹೊಸದಾಗಿ ಅಂದಾಜು ಮಾಡಲಾಗುತ್ತದೆ. 2007ರಲ್ಲಿ ಯಾಹೂ ಕೂಡ ಇದೇ ದಾರಿಗೆ ಬಂದಿತು.

ಆದರೆ ಇದು ವಿಕ್ರಿಯವರ ಹರಾಜೇ ಅಲ್ಲ. ಎಡೆಲ್‌ಮನ್, ಓಸ್ಟ್ರೋವ್ಸ್ಕಿ ಮತ್ತು ಮೈಕೆಲ್ ಶ್ವಾರ್ಜ್ 2007ರಲ್ಲಿ ಇದನ್ನು ಸ್ಪಷ್ಟಪಡಿಸಿದರು. ಮಾರಾಟಕ್ಕೆ ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವುದರಿಂದ ಇಲ್ಲಿ ನಿಜವಾದ ಬೆಲೆ ಬರೆಯುವುದೇ ಯಾವಾಗಲೂ ಲಾಭಕರವಲ್ಲ; ಕೆಲವೊಮ್ಮೆ ಕಡಿಮೆ ಕೂಗಿ ಎರಡನೆಯ ಸ್ಥಾನದಲ್ಲಿರುವುದೇ ಜಾಣತನ.

ಇನ್ನೊಂದು ಸಂಗತಿ ತಡವಾಗಿ ಬೆಳಕಿಗೆ ಬಂತು. ಟೆಂಡರಿನ ನಿಯಮ ಮಾರುಕಟ್ಟೆಯ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಅಂಕ ಕೊಡುವವನೂ ಹರಾಜು ಕೂಗುವವನೂ ಹಣ ಪಡೆಯುವವನೂ ಒಬ್ಬನೇ. ಮೇಲಿನ ಲೆಕ್ಕದಲ್ಲಿ ದೊಡ್ಡ ಮಳಿಗೆಯ 3ನ್ನು ಶೋಧಯಂತ್ರ 3.6 ಎಂದು ಎಣಿಸಿದರೆ ಅದರ ಅಂಕ 72 ಆಗುತ್ತದೆ. ನೇಕಾರರ ಸ್ಥಾನ ಬದಲಾಗುವುದಿಲ್ಲ, ಆದರೆ ಅವರ ದರ 7 ರೂಪಾಯಿ 50 ಪೈಸೆಯಿಂದ 9 ರೂಪಾಯಿಗೆ ಏರುತ್ತದೆ. ಏರಿದ್ದೇಕೆ ಎಂದು ಅವರಿಗೆ ತಿಳಿಯುವ ದಾರಿಯಿಲ್ಲ. ಎರಡನೆಯವನ ಅಂಕವನ್ನು ಹೀಗೆ ಎತ್ತುವ ಕ್ರಮವೂ ಸೇರಿದಂತೆ ದರ ಏರಿಸುವ ಹಲವು ‘ತಿರುಪು’ಗಳ ವಿವರ ಅಮೆರಿಕದ ನ್ಯಾಯಾಲಯದಲ್ಲಿ ಹೊರಬಂದವು. ಕೆಲವು ಬದಲಾವಣೆಗಳಿಂದ ದರ ಶೇ. 5ರಷ್ಟು ಏರಿದ್ದುಂಟು ಎಂದು ಗೂಗಲ್ ಅಧಿಕಾರಿಯೊಬ್ಬರು 2023ರಲ್ಲಿ ಸಾಕ್ಷ್ಯ ನುಡಿದರು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. 2025ರ ಸೆಪ್ಟೆಂಬರ್‌ನ ಆದೇಶದಲ್ಲಿ, ಜಾಹೀರಾತು ಹರಾಜಿನಲ್ಲಿ ಮಾಡುವ ಮುಖ್ಯ ಬದಲಾವಣೆಗಳನ್ನು ಕಂಪನಿ ಬಹಿರಂಗವಾಗಿ ತಿಳಿಸಬೇಕೆಂಬ ಅಂಶವನ್ನೂ ಅವರು ಸೇರಿಸಿದರು.