ಒಂದು ಕ್ರೆಡಿಟ್, ಎರಡು ಗಂಟೆ: ಪ್ರಾಯೋಗಿಕ ಕಲಿಕೆಯ ಲೆಕ್ಕದ ಹಿನ್ನೆಲೆ

ವಾರಕ್ಕೆ ಒಂದು ಗಂಟೆ ಉಪನ್ಯಾಸ ಕೇಳಿದವರಿಗೆ ಒಂದು ಕ್ರೆಡಿಟ್. ಅದೇ ಕ್ರೆಡಿಟ್ಟಿಗೆ ರಸಾಯನಶಾಸ್ತ್ರದ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಎರಡು ಗಂಟೆ ನಿಲ್ಲಬೇಕು. ಈ ಲೆಕ್ಕದ ಮೂಲ ಹುಡುಕಿದರೆ ಅಮೆರಿಕದ ಪ್ರಾಧ್ಯಾಪಕರ ಪಿಂಚಣಿಯವರೆಗೆ ಹೋಗಬೇಕಾಗುತ್ತದೆ.

1869ರಲ್ಲಿ ಹಾರ್ವರ್ಡ್‌ನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಐಚ್ಛಿಕ ವಿಷಯಗಳ ಪದ್ಧತಿಯನ್ನು ಬೆಳೆಸಿದರು. ಎಲ್ಲರೂ ಒಂದೇ ಪಾಠ ಓದುತ್ತಿದ್ದಾಗ ಅಳತೆಗೋಲು ಬೇಕಿರಲಿಲ್ಲ. ಒಬ್ಬೊಬ್ಬರು ಒಂದೊಂದು ವಿಷಯ ಆರಿಸಿಕೊಳ್ಳತೊಡಗಿದಾಗ ಬೇಕಾಯಿತು. 1905ರಲ್ಲಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಅಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟರು. ಆ ಹಣ ಹಂಚಲು ಹುಟ್ಟಿದ ಕಾರ್ನೆಗಿ ಪ್ರತಿಷ್ಠಾನ ಷರತ್ತು ಹಾಕಿತು: ಪ್ರವೇಶಕ್ಕೆ 14 ಯೂನಿಟ್‌ಗಳ ಪ್ರೌಢಶಾಲಾ ಓದನ್ನು ಕಡ್ಡಾಯ ಮಾಡಿದ ಕಾಲೇಜುಗಳಿಗೆ ಮಾತ್ರ ಪಿಂಚಣಿ. ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಕಲಿತರೆ ಒಂದು ಯೂನಿಟ್. ಕಲಿಕೆಯನ್ನು ಗಡಿಯಾರದಿಂದ ಅಳೆಯುವ ರೂಢಿ ಗಟ್ಟಿಯಾದದ್ದು ಹೀಗೆ.

ಅದೇ ಪ್ರತಿಷ್ಠಾನಕ್ಕಾಗಿ ಮಾರಿಸ್ ಕುಕ್ 1910ರಲ್ಲಿ ಬರೆದ ವರದಿ ಇನ್ನೂ ಗಮನಾರ್ಹ. ಕಾರ್ಖಾನೆಗಳ ದಕ್ಷತೆಯನ್ನು ಅಳೆದ ಫ್ರೆಡರಿಕ್ ಟೇಲರ್ ಬಳಗದ ಎಂಜಿನಿಯರ್ ಅವರು. ಕಾಲೇಜಿನ ವೆಚ್ಚ ಅಳೆಯಲು ಅವರು ಸೂಚಿಸಿದ 'ವಿದ್ಯಾರ್ಥಿ-ಗಂಟೆ'ಯಲ್ಲಿ ಉಪನ್ಯಾಸಕ್ಕೂ ಪ್ರಯೋಗಾಲಯಕ್ಕೂ ಸರಿಸಮನಾದ ಬೆಲೆಯಿತ್ತು! ಪ್ರಯೋಗಾಲಯದ ಗಂಟೆಯನ್ನು ಅಗ್ಗವಾಗಿಸಿದ ತರ್ಕ ಬೇರೆಯದು: ಉಪನ್ಯಾಸದ ಹಿಂದೆ ಮನೆಯ ಓದಿದೆ, ಪ್ರಯೋಗದ ಕೆಲಸ ಪ್ರಯೋಗಾಲಯದಲ್ಲೇ ಮುಗಿಯುತ್ತದೆ ಎಂಬುದು. 2010ರ ಅಮೆರಿಕದ ಕೇಂದ್ರ ನಿಯಮ ಇದನ್ನು ಬಿಚ್ಚಿ ಹೇಳಿತು. ಅದರಂತೆ ವಾರಕ್ಕೆ ತರಗತಿಯ ಒಂದು ಗಂಟೆಯ ಜೊತೆಗೆ ಕನಿಷ್ಠ ಎರಡು ಗಂಟೆ ಹೊರಗಿನ ಓದು ಸೇರಿದರೆ ಒಂದು ಕ್ರೆಡಿಟ್. ಪ್ರಯೋಗಾಲಯ, ಇಂಟರ್ನ್‌ಶಿಪ್, ಸ್ಟುಡಿಯೋ ಕೆಲಸಗಳಿಗೂ ಅಷ್ಟೇ ಪ್ರಮಾಣದ ಶ್ರಮ ಬೇಕು.

ಕರ್ನಾಟಕಕ್ಕೆ ಕ್ರೆಡಿಟ್ ಹೊಸತಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾದದ್ದೇ ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ. ಕೃಷಿ ಪದವಿಯ ಪಠ್ಯಕ್ರಮದಲ್ಲಿ ಕಾಣುವ '2+1' ಎಂದರೆ ಎರಡು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಪ್ರಾಯೋಗಿಕ. ಉಳಿದ ಪದವಿಗಳಿಗೆ ಯುಜಿಸಿಯ 2015ರ ಮಾರ್ಗಸೂಚಿ ಬಂತು. ಒಂದು ಗಂಟೆ ಪಾಠ ಅಥವಾ ಎರಡು ಗಂಟೆ ಪ್ರಾಯೋಗಿಕ ಎಂಬ ಅನುಪಾತ ಅದರ ವ್ಯಾಖ್ಯೆಯಲ್ಲಿದೆ, ಅದಕ್ಕೆ ಕಾರಣವಾದ ಮನೆಯ ಓದಿನ ಮಾತು ಅಲ್ಲಿಲ್ಲ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಒಟ್ಟು ಕಲಿಕೆಯನ್ನು ನಿಗದಿ ಮಾಡಿದೆ; ಇದು ಒಳ್ಳೆಯ ಹೆಜ್ಜೆ. ಆದರೆ ವಾರಕ್ಕೆ ಎರಡು ಗಂಟೆಯಂತೆ 15 ವಾರ ನಿಂತರೆ ಆ 30 ಗಂಟೆಯೂ ಪ್ರಯೋಗಾಲಯದಲ್ಲೇ ಕಳೆದುಹೋಗುತ್ತದೆ. ರೆಕಾರ್ಡ್ ಬರೆಯುವುದು, ವೈವಾಕ್ಕೆ ಓದುವುದು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ವಿಜ್ಞಾನ, ಕೃಷಿ, ಲಲಿತಕಲೆಗಳ ಮಕ್ಕಳಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳು ಪ್ರತಿ ಪತ್ರಿಕೆಯ ಕ್ರೆಡಿಟ್ಟಿನ ಪಕ್ಕದಲ್ಲಿ ಮನೆಯ ಕೆಲಸದ ಗಂಟೆಗಳನ್ನೂ ನಮೂದಿಸಿ, ಪ್ರಾಯೋಗಿಕದ ಕ್ರೆಡಿಟ್ಟನ್ನು ಅದರಂತೆ ತಿದ್ದಬೇಕು.