ಮಿತನುಡಿ: ನಾಯಕನಹಟ್ಟಿಯ ಒಂದು ವಾಕ್ಯದ ವಿಚಾರ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯು ಶ್ರೀ ತಿಪ್ಪೇರುದ್ರಸ್ವಾಮಿಗಳ ಪುಣ್ಯಕ್ಷೇತ್ರ. ಒಳಮಠ, ಹೊರಮಠಗಳೆಂಬ ಎರಡು ಸನ್ನಿಧಿಗಳು ಇಲ್ಲಿವೆ. ಕೊಟ್ಟೂರು ಬಸವೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಹರಪನಹಳ್ಳಿಯ ಕೆಂಪೇಶ್ವರರೊಡನೆ ಸ್ವಾಮಿಗಳನ್ನು ಪಂಚಗಣಾಧೀಶ್ವರರಲ್ಲಿ ಎಣಿಸುವುದು ರೂಢಿ. ಅವರ ಹೆಸರಿನೊಡನೆ ಜನರ ನಾಲಗೆಯ ಮೇಲೆ ಉಳಿದು ಬಂದಿರುವ ಮಾತು ಒಂದೇ: ‘ಮಾಡಿದಷ್ಟು ನೀಡು ಭಿಕ್ಷೆ.’ ಪದಗಳು ಮೂರು, ಅಕ್ಷರಗಳು ಎಂಟು. ಇಂತಹ ನುಡಿಯನ್ನು ಯಾವ ಹೆಸರಿನಿಂದ ಕರೆಯುವುದು ಯುಕ್ತ?

ಇದನ್ನು ಗಾದೆಯೆನ್ನಲಾಗದು, ಗಾದೆಗೆ ಕರ್ತೃವಿಲ್ಲ, ಇದಕ್ಕೆ ಆಡಿದವರ ಹೆಸರುಂಟು. ಸಂಕ್ಷೇಪವೆನ್ನೋಣವೆಂದರೆ, ಮೊದಲು ವಿಸ್ತಾರವಾಗಿದ್ದುದನ್ನು ಕುಗ್ಗಿಸಿದಾಗ ಮಾತ್ರ ಆ ಪದ ಸಲ್ಲುತ್ತದೆ. ಇಲ್ಲಿ ಕುಗ್ಗಿಸಿದುದು ಏನೂ ಇಲ್ಲ. ಸೂತ್ರಕ್ಕೆ ಅಲ್ಪಾಕ್ಷರವೂ ಅಸಂದಿಗ್ಧತೆಯೂ ಲಕ್ಷಣವೆಂದು ಶಾಸ್ತ್ರಕಾರರು ಹೇಳಿದ್ದರೂ, ಸೂತ್ರವು ವೃತ್ತಿ ಭಾಷ್ಯಗಳನ್ನು ಬೇಡುತ್ತದೆ. ಈ ಮಾತು ಕೂಲಿಯವನಿಗೂ ಕೇಳಿದೊಡನೆ ತಿಳಿಯುತ್ತದೆ. ಕಿರಿದರಲ್ಲಿ ಹಿರಿದಾದ ಅರ್ಥವನ್ನು ತಿಳಿಸಬಲ್ಲವನೇ ನಿಪುಣನೆಂಬುದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ಅಭಿಪ್ರಾಯ. ಆದರೆ ಅದು ನುಡಿಯುವವನ ಜಾಣ್ಮೆಯ ಪ್ರಶಂಸೆಯೇ ಹೊರತು ನುಡಿಗೆ ಇಟ್ಟ ಹೆಸರಲ್ಲ.

ಉಳಿಯುವುದು ‘ಮಿತ’ವೆಂಬ ಪದ. ಇಂದಿನ ಬಳಕೆಯಲ್ಲಿ ಇದಕ್ಕೆ ‘ಸ್ವಲ್ಪ’ವೆಂದೇ ಅರ್ಥವಾಗಿಬಿಟ್ಟಿದೆ. ಮೂಲದಲ್ಲಿ ಇದು ‘ಮಾ’ ಧಾತುವಿನಿಂದ ಹುಟ್ಟಿದುದು. ‘ಅಳೆದುದು’ ಎಂಬುದೇ ಇದರ ಅರ್ಥ. ರಘುವಂಶದ ಅರಸರು ಸತ್ಯಕ್ಕಾಗಿ ಮಿತಭಾಷಿಗಳಾಗಿದ್ದರೆಂದು ಕಾಳಿದಾಸನು ಹೇಳುವಾಗಲೂ ಅವರ ಮೌನವನ್ನಲ್ಲ, ಸತ್ಯವನ್ನು ಮೀರದ ಅಳತೆಯನ್ನೇ ಹೊಗಳಿದನು. ಆದ್ದರಿಂದ ಮಿತನುಡಿಯೆಂದರೆ ಕಡಿಮೆಯ ಮಾತಲ್ಲ, ತಕ್ಕಷ್ಟು ಮಾತು.

ನಾಯಕನಹಟ್ಟಿಯ ವಾಕ್ಯದ ತಿರುಳೂ ಅಳತೆಯೇ. ನಾಡಿನಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಚಳ್ಳಕೆರೆ ಒಂದು. ಅಲ್ಲಿ ಸ್ವಾಮಿಗಳು ಜನರನ್ನು ಕೂಡಿಸಿ ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವರಿಗೆ ದುಡಿಮೆಗೆ ಸರಿಯಾಗಿ ಕೂಲಿ ಸಲ್ಲಿಸಿದರೆಂದೂ ಪ್ರತೀತಿಯಿದೆ. ಸಾಮಾನ್ಯವಾಗಿ ಭಿಕ್ಷೆಗೆ ದುಡಿಮೆಯ ಲೆಕ್ಕವಿಲ್ಲ. ‘ಅಷ್ಟು’ ಎಂಬ ಒಂದು ಪ್ರತ್ಯಯರೂಪದ ಮಾತು ಭಿಕ್ಷೆಯನ್ನು ಕಾಯಕಕ್ಕೆ ಬಿಗಿದು ಕಟ್ಟಿದೆ: ಮಾಡದವನು ಬೇಡಲಾಗದು, ಮಾಡಿದವನಿಗೆ ಕಡಿಮೆ ಕೊಡಲೂ ಆಗದು. ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಮಾರಯ್ಯನು ಅಗತ್ಯವನ್ನು ಮೀರಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಪ್ರಸಂಗ ಇಲ್ಲಿ ಸ್ಮರಣೀಯ. ಲಕ್ಕಮ್ಮನದು ಪಡೆಯುವವರ ಅಳತೆ. ತಿಪ್ಪೇರುದ್ರಸ್ವಾಮಿಗಳದು ಕೊಡುವವರ ಅಳತೆ. ಎರಡೂ ಕೂಡಿದಲ್ಲಿಯೇ ಕಾಯಕ ದಾಸೋಹಗಳು ಪೂರ್ಣವಾಗುತ್ತವೆ.

ಅಳತೆಯನ್ನು ಬೋಧಿಸುವ ನುಡಿ ತಾನೂ ಅಳತೆಯಲ್ಲಿಯೇ ನಿಂತಿರುವುದರಿಂದ ‘ಮಿತನುಡಿ’ ಎಂಬ ಹೆಸರು ಇದಕ್ಕೆ ಎರಡು ಬಗೆಯಲ್ಲಿಯೂ ಒಪ್ಪುತ್ತದೆ. ಫಾಲ್ಗುಣದ ರಥೋತ್ಸವದಲ್ಲಿ ಸಹಸ್ರಾರು ಕಂಠಗಳು ಈ ವಾಕ್ಯವನ್ನು ಉಚ್ಚರಿಸುತ್ತವೆ. ದುಡಿದ ಕೈಗೆ ಸಲ್ಲಬೇಕಾದುದು ಸಂದಾಗಲೇ ಆ ಉಚ್ಚಾರಣೆ ಸಾರ್ಥಕ.