ಹಲ್ಲು ಕಿತ್ತರೆ ಕಣ್ಣು ಹೋದೀತೇ?

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬುದು ನಮ್ಮಜ್ಜಿಯ ದೃಢವಾದ ನಂಬಿಕೆ. ಒಸಡು ಊದಿ, ಕೀವು ಒಸರಿ, ಕೋರೆಹಲ್ಲು ಅಲುಗಾಡುತ್ತಿದ್ದರೂ ಲವಂಗದೆಣ್ಣೆ, ಉಪ್ಪುನೀರುಗಳಲ್ಲೇ ಎರಡು ವರ್ಷ ತಳ್ಳಿದರು. "ಹಲ್ಲಿಲ್ಲದಿದ್ರೆ ಗಂಜಿ ಕುಡ್ಕೊಂಡಿರ್ತೀನಿ ಕಣೋ, ಕಣ್ಣಿಲ್ಲದಿದ್ರೆ ಏನು ಮಾಡ್ಲಿ?" ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯುತ್ತಿರಲಿಲ್ಲ.

ಈ ಭಯದ ಮೂಲವನ್ನು ಹುಡುಕಹೊರಟ ನನಗೆ ಸಿಕ್ಕಿದ್ದು ಅದರ ತಲೆಕೆಳಗಾದ ರೂಪ. ಅಜ್ಜಿ ಕಣ್ಣು ಉಳಿಯಲೆಂದು ಹಲ್ಲು ಉಳಿಸಿಕೊಂಡರು. ಇಂಗ್ಲೆಂಡ್, ಅಮೆರಿಕಗಳಲ್ಲಿ ಕಣ್ಣು ಉಳಿಯಲೆಂದೇ ಹಲ್ಲು ಕೀಳುತ್ತಿದ್ದ ಕಾಲವೊಂದಿತ್ತು!

ಬಾಯಿಯ ಕೀವೇ ಅನೇಕ ಕಾಯಿಲೆಗಳ ತವರು ಎಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ ಬರೆದರು. 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಉಪನ್ಯಾಸ ಕೊಡುತ್ತ, ಕೊಳೆತ ಬೇರಿನ ಮೇಲೆ ಚಿನ್ನದ ಕವಚ ತೊಡಿಸುವ ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡರು. ಒಂದೆಡೆ ಅಡಗಿ ಕುಳಿತ ಸೋಂಕು ರಕ್ತದ ಮೂಲಕ ದೂರದ ಅಂಗವನ್ನು ಕೆಡಿಸುತ್ತದೆ ಎಂಬ ಈ ವಾದವನ್ನು ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಬೆಳೆಸಿದರು. ಕಣ್ಣಿನ ನಡುಪೊರೆಗೆ ಉರಿಯೂತ ಬಂದು, ಕಣ್ಣು ಕೆಂಪಾಗಿ ಬೆಳಕು ಸಹಿಸದಂತಾದಾಗ, ಕಾರಣ ತಿಳಿಯದಿದ್ದರೆ ಅನುಮಾನ ಹಲ್ಲಿನ ಮೇಲೆ ಹೋಗುತ್ತಿತ್ತು. ಗಟ್ಟಿಮುಟ್ಟಾದ ಹಲ್ಲುಗಳೂ ಇಕ್ಕಳಕ್ಕೆ ಬಲಿಯಾದವು.

ಮೊದಲು ಈ ವಾದವನ್ನು ಒಪ್ಪಿದ್ದ ರಸೆಲ್ ಸೆಸಿಲ್ ಅವರೇ 1938ರಲ್ಲಿ 200 ಮಂದಿ ಸಂಧಿವಾತದ ರೋಗಿಗಳನ್ನು ಪರಿಶೀಲಿಸಿ, ಹಲ್ಲು, ಟಾನ್ಸಿಲ್ ತೆಗೆಸಿದ್ದರಿಂದ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲವೆಂದರು. ಅದರ ಹಿಂದಿನ ವರ್ಷವಷ್ಟೇ ಇಸ್ತಾಂಬುಲ್‌ನ ಚರ್ಮವೈದ್ಯ ಹುಲುಸಿ ಬೆಹ್ಚೆತ್, ಬಾಯಿಹುಣ್ಣು, ಜನನಾಂಗದ ಹುಣ್ಣು ಮತ್ತು ಕಣ್ಣಿನ ಉರಿಯೂತ ಒಟ್ಟಿಗೆ ಬರುವ ಕಾಯಿಲೆಯೊಂದನ್ನು ವಿವರಿಸಿದ್ದರು. ಅಲ್ಲಿ ಬಾಯಿಹುಣ್ಣು ಕಣ್ಣನ್ನು ಕೆಡಿಸುವುದಿಲ್ಲ; ಎರಡೂ ಒಂದೇ ರೋಗದ ಕವಲುಗಳು. ಜೊತೆಗೆ ಬಂದದ್ದೆಲ್ಲ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಹಾಗೆಂದು ಹಂಟರ್ ಹೇಳಿದ್ದೆಲ್ಲ ಸುಳ್ಳೂ ಅಲ್ಲ. ಊದಿದ ಒಸಡಿನಿಂದ, ಅಗಿಯುವಾಗಲೂ ಸಹ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಲ್ಲವು. ಒಸಡಿನ ರೋಗಕ್ಕೂ ಕಣ್ಣಿನ ನಡುಪೊರೆಯ ಉರಿಯೂತಕ್ಕೂ ನಂಟಿದೆಯೇ ಎಂದು ಸಂಶೋಧಕರು ಈಗ ಮತ್ತೆ ಪರಿಶೀಲಿಸುತ್ತಿದ್ದಾರೆ. ಆದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಒಸಡಿಗೆ ಒಸಡಿನ ಮದ್ದು, ಕಣ್ಣಿಗೆ ಕಣ್ಣಿನ ಮದ್ದು ಆಗಲೇಬೇಕು.

ಅಜ್ಜಿಯ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ. ಮುಖದ ನೋವನ್ನು ಮಿದುಳಿಗೆ ಒಯ್ಯುವ ಒಂದೇ ನರದ ಕವಲುಗಳು ಕಣ್ಣಿನ ಸುತ್ತಕ್ಕೂ ಮೇಲಿನ ಹಲ್ಲಿಗೂ ಹರಡಿವೆ. ಅದಕ್ಕೇ ಹಲ್ಲುನೋವು ಕಣ್ಣಿನವರೆಗೂ ಏರುತ್ತದೆ. ನೋಟವನ್ನು ಒಯ್ಯುವ ನರವೇ ಬೇರೆ. ಹಲ್ಲು ಕಿತ್ತರೆ ಅದಕ್ಕೇನೂ ಆಗದು.

ಕೊನೆಗೊಂದು ದಿನ ಆ ಕೋರೆಹಲ್ಲು ತಾನಾಗಿಯೇ ಉದುರಿತು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯಾಚೆ ನೋಡಿದರು. ತೆಂಗಿನಮರ ಮೊದಲಿನಂತೆಯೇ ಕಾಣುತ್ತಿತ್ತು. ಅವರು ನಕ್ಕರು. ಎರಡು ವರ್ಷದ ಆ ನೋವು ಮಾತ್ರ ವ್ಯರ್ಥವಾಗಿ ಹೋಗಿತ್ತು.